ಒಳಲೆಯಲ್ಲಿ ಸ್ಪೇನಿನ ವೈನು

“ಇನ್ನು ಪಥ್ಯ ಬೇಡಮ್ಮ, ಅವರ ಬಾಯಿಗೆ ರುಚಿಸಿದ್ದು ಕೊಡಿ” ಎಂದು ಡಾಕ್ಟರು ಹೇಳಿದಾಗ ನಿಮ್ಮ ತಾತ ನಕ್ಕರು. ನನಗೆ ನಗು ಬರಲಿಲ್ಲ. ಪಥ್ಯ ಬಿಡಿಸಿದರೆಂದರೆ ಆಸೆ ಬಿಟ್ಟರೆಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು.

ರುಚಿಸುವುದಾದರೂ ಏನು ಉಳಿದಿತ್ತು ಮಕ್ಕಳೇ? ಔಷಧಿ ಅವರ ನಾಲಿಗೆಯನ್ನೇ ಕೊಂದಿತ್ತು. ಗೊಜ್ಜು, ಪಾಯಸ, ಬಾಳೆಹಣ್ಣು, ಏನು ಕೊಟ್ಟರೂ “ಮಣ್ಣು ಕಣೇ” ಎಂದು ಮುಖ ತಿರುಗಿಸುತ್ತಿದ್ದರು. ಒಂದು ದಿನ ನೇರಳೆ ಹಣ್ಣು ಕೇಳಿದರು. ಅದರ ಕಾಲ ಮುಗಿದಿತ್ತು. ಗಾಂಧಿ ಬಜಾರೆಲ್ಲ ಸುತ್ತಿ, ದಾಳಿಂಬೆ ರಸವಾದರೂ ಸಿಕ್ಕೀತೆಂದು ಅಲ್ಲೇ ಒಂದು ದೊಡ್ಡ ಅಂಗಡಿಗೆ ಹೊಕ್ಕೆ.

ಮೂಲೆಯ ಕಪಾಟಿನಲ್ಲಿ ದ್ರಾಕ್ಷಿ ಗೊಂಚಲಿನ ಚಿತ್ರವಿದ್ದ ಕಪ್ಪು ಬಾಟಲಿ ಕಂಡಿತು. ದ್ರಾಕ್ಷಿ ರಸವೆಂದು ತೆಗೆದುಕೊಂಡೆ. ಬಿಲ್ಲಿನ ಹುಡುಗಿ ಒಮ್ಮೆ ಅದನ್ನೂ ಒಮ್ಮೆ ನನ್ನ ಹಣೆಯ ವಿಭೂತಿಯನ್ನೂ ನೋಡಿದಳು.

“ಅಜ್ಜಿ, ಇದು ಜ್ಯೂಸಲ್ಲ, ವೈನು. ಸ್ಪೇನ್‌ದು. ಹಳೇ ಕಾಲದ ಥರ ಮರದ ಪೀಪಾಯಲ್ಲಿ ವರ್ಷಗಟ್ಟಲೆ ಇಟ್ಟಿರ್ತಾರೆ. ವಾಪಸ್ ಇಟ್ಬಿಡ್ಲಾ?”

ಹಿಂದೆ ನಿಂತಿದ್ದವರು ನಕ್ಕರು. ನನಗೆ ಭೂಮಿಗಿಳಿದು ಹೋಗುವಂತಾಯಿತು. ಆದರೂ ಕೇಳಿದೆ, “ಸಿಹಿನಾ?”

“ಇಲ್ಲ ಅಜ್ಜಿ, ಒಗರು. ನಾಲಿಗೆ ಹಿಡ್ಕೊಳತ್ತೆ.”

“ನೇರಳೆ ಥರಾನಾ? ಹಂಗಾದ್ರೆ ಕೊಟ್ಬಿಡು.”

ಕಾಗದ ಸುತ್ತಿಸಿ, ಚೀಲದಲ್ಲಿ ಕರಿಬೇವಿನ ಕೆಳಗೆ ಬಚ್ಚಿಟ್ಟುಕೊಂಡು ತಂದೆ. ಬಿರಡೆ ಬರಲೇ ಇಲ್ಲ. ಸೌಟಿನ ಹಿಡಿಯಿಂದ ಒತ್ತಿ ಒಳಕ್ಕೇ ಬೀಳಿಸಿದೆ. ಲೋಟದಲ್ಲಿ ಕುಡಿಯಲು ಅವರಿಗೆ ಆಗುತ್ತಿರಲಿಲ್ಲ. ನಿಮಗೆಲ್ಲ ಹಾಲು ಕುಡಿಸಿದ ಬೆಳ್ಳಿಯ ಒಳಲೆಗೆ ಬಗ್ಗಿಸಿದೆ.

ಅದು ವೈನೆಂದು ಅವರಿಗೆ ಹೇಳಿದೆ. “ಲಿಂಗಪೂಜೆ ಮನೇಲಿ ಇದೇನೇ?” ಎಂದರು. “ವಿಷಗಿಷ ಅಲ್ಲ ತಾನೆ? ಮೊದ್ಲು ನೀನು ಕುಡಿ. ಹೆಂಗಿದೆ ಹೇಳು.”

ಅವರಿಗಿಂತ ಮೊದಲು ನಾನು ಏನನ್ನೂ ಬಾಯಿಗೆ ಹಾಕಿದವಳಲ್ಲ. ಗೋಡೆಯ ಕಡೆ ತಿರುಗಿ ಒಂದು ಗುಟುಕು ನುಂಗಿದೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು. ಆಮೇಲೆ ಮೆಲ್ಲಗೆ ಹಣ್ಣಿನ ಹುಳಿ ಬಂತು, ಹಳೆಯ ಮರದ ಪೆಟ್ಟಿಗೆ ತೆರೆದಂಥ ವಾಸನೆ ಬಂತು.

“ದೋರಗಾಯಿ ನೇರಳೆ ತಿಂದು ಲವಂಗ ಕಚ್ಚಿದ ಹಾಗಿದೆ ರೀ.”

“ಸುಳ್ಳು ಹೇಳ್ತೀಯ.”

“ನೀವೇ ನೋಡಿ ಮತ್ತೆ.”

ಒಳಲೆಯನ್ನು ತುಟಿಗಿಟ್ಟೆ. ಕಣ್ಣು ಮುಚ್ಚಿದರು. ಉಗುಳಲಿಲ್ಲ. “ಒಗರು ಕಣೇ. ಗೊತ್ತಾಗ್ತಿದೆ” ಎಂದರು.

ಅಡುಗೆಮನೆಗೆ ಓಡಿ ಮೊಸರನ್ನ ಕಿವುಚಿ ತಂದೆ. ಎರಡು ತುತ್ತು ತಿಂದರು. ಮುಂದಿನದಕ್ಕೆ ಕೈ ಅಡ್ಡ ಹಿಡಿದರು. ನಾಳೆ ಇನ್ನೊಂದು ತುತ್ತು ಹೆಚ್ಚಿಗೆ ತಿನ್ನಲಿ ಎಂದು ಶಿವನಿಗೆ ಹರಕೆ ಹೊತ್ತೆ.

ಮರುದಿನ ಅನ್ನವನ್ನು ಮೊದಲೇ ಕಲಸಿಟ್ಟುಕೊಂಡು ಒಳಲೆ ತುಂಬಿದೆ. ಕುಡಿದರು. ಅವರ ಮುಖವನ್ನೇ ನೋಡುತ್ತ ಕೂತೆ.

“ನೀರು ಕೊಟ್ಯಾ?” ಎಂದರು.

ಒಳಲೆಯ ಅಂಚಿನಲ್ಲಿ ಕೆಂಪು ಇನ್ನೂ ಹತ್ತಿಕೊಂಡಿತ್ತು. ಸೆರಗಿನಲ್ಲಿ ಒರೆಸಿದೆ.

“ಹೂಂ ರೀ, ನೀರೇ.”