ಹೆಸರಿನ ಮುಂದೊಂದು ನಂಬರು
ಸ್ಕ್ಯಾನಿಂಗ್ ಅಂಗಡಿಯವರ ಮೇಜಿನತ್ತ ಬಗ್ಗಿದ್ದೇ ತಡ, ನನ್ನ ಮೊಳಕೈ ಕೀಬೋರ್ಡಿನ ಮೇಲೆ ಕೂತು, ಅಮ್ಮನ ಹಳೇ ಫೋಟೋ ಫಿಲ್ಮಿಗೆ ಅವರು ಕೊಟ್ಟಿದ್ದ ಫೈಲಿನ ಹೆಸರು ಅಳಿಸಿಹೋಯಿತು. ಅವರ ಮುಖ ಬಿಳಿಚಿತು. "ಸಾರ್, ಕೈ ಕಟ್ಕೊಂಡು ನಿಂತ್ಕೊಳ್ಳಿ," ಎಂದರು. ಐವತ್ತು ದಾಟಿದ ನಾನು ತಪ್ಪು ಮಾಡಿದ ವಿದ್ಯಾರ್ಥಿಯಂತೆ ಕೈ ಕಟ್ಟಿದೆ. ಇವರಿಗೆ ಹಾವಿನ ಭಯವಿಲ್ಲ, ಕಳ್ಳರ ಭಯವಿಲ್ಲ. ಇರುವುದೊಂದೇ, ಒಂದು ಚಿತ್ರದ ಮೇಲೆ ಇನ್ನೊಂದು ಸೇವ್ ಆಗಿ ಮೊದಲಿನದು ಅಳಿಸಿಹೋದರೆ ಎಂಬ ಭಯ. ಬಟನ್ ಒತ್ತುವ ಮೊದಲು ಫೋಲ್ಡರ್ ಯಾವುದು, ಹೆಸರೇನು, ಹೆಸರಿನ ಮುಂದೆ ನಂಬರು ಚಿತ್ರಕ್ಕೊಂದರಂತೆ ಏರುವಂತಿದೆಯೇ ಎಂದು ಮಂತ್ರದಂತೆ ಮೂರು ಸಲ ಒದರುತ್ತಾರೆ, ಆಮೇಲೆ ಗಿರಾಕಿಯ ಬಾಯಲ್ಲೂ ಓದಿಸುತ್ತಾರೆ. ಬರೀ ಕರೆಂಟು ಬಿಲ್ಲನ್ನು ಸ್ಕ್ಯಾನ್ ಮಾಡಿದರೂ ಮೂರು ಕಡೆ ಇಟ್ಟು, ಮೂರನ್ನೂ ತೆರೆದು ನೋಡಿದ ಮೇಲೆಯೇ ನೀರು ಕುಡಿಯುತ್ತಾರೆ. ಅಮ್ಮನ ಫಿಲ್ಮು ಸಿಪ್ಪೆ ಏಳುತ್ತಿತ್ತು. ಎರಡನೇ ಸಲ ಯಂತ್ರಕ್ಕೆ ಹಾಕಿದರೆ ಪುಡಿಯಾಗುತ್ತದೆಂದು ಅವರೇ ಹೇಳಿದ್ದರು. ಅಳಿಸಿದ ಹೆಸರನ್ನು ಅವರು ಒಂದೊಂದೇ ಅಕ್ಷರವಾಗಿ ಮತ್ತೆ ಟೈಪ್ ಮಾಡತೊಡಗಿದರು. ಧೈರ್ಯಕ್ಕೆಂದು ಗೋಡೆ ನೋಡಿದರೆ, ಅಲ್ಲಿ ಕಟ್ಟು ಹಾಕಿಸಿದ ಖಾಲಿ ಕುರ್ಚಿಯ ಫೋಟೋ. "ನನ್ನ ತಂಗಿ ಫೋಟೋ ತೆಗೆದ ರೀಲು ಸಾರ್," ಎಂದರು ಅಂಗಡಿಯವರು. "ನಂಬರ್ ಹಾಕೋದು ಮರೆತೆ. ಮೂವತ್ತಾರೂ ಒಂದೇ ಹೆಸರಲ್ಲಿ ಸೇವ್ ಆಗಿ, ಅವಳು ಕುರ್ಚಿಯಿಂದ ಎದ್ದು ಹೋದ್ಮೇಲೆ ತೆಗೆದ ಕೊನೇದು ಮಾತ್ರ ಉಳೀತು. ಸ್ಕ್ಯಾನ್ ಆಯ್ತಲ್ಲ ಅಂತ ಫಿಲ್ಮು ಎಸೆದುಬಿಟ್ಟಿದ್ದೆ." "ತಂಗಿ ಬೈಲಿಲ್ವೇ?" ಎಂದೆ. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬೈಯೋಕೆ ಅವಳಿದ್ದಿದ್ರೆ ಇನ್ನೊಂದು ಫೋಟೋ ತೆಗೀತಿದ್ದೆ. ನೀವು ಕೈ ಕಟ್ಕೊಳ್ಳಿ ಸಾರ್."