ಪವರ್‌ಹೌಸಿನಲ್ಲೇ ಕರೆಂಟ್ ಹೋದ ದಿನ

ಬಳಗಾನೂರಿನ ಆಚೆ, ಎಡದಂಡೆ ಕಾಲುವೆಯ ಮೇಲೆ ಒಂದು ಸಣ್ಣ ಪವರ್‌ಹೌಸ್ ಇದೆ. ಅಲ್ಲಿ ಮಗಳು ಮೌನೇಶ್ವರಿಗೆ ಆಪರೇಟರ್ ಕೆಲಸ ಸಿಕ್ಕಿತೆಂದು ಕೇಳಿ ಅಂಬಪ್ಪ ಖುಷಿಪಡಲಿಲ್ಲ. ಕಾಲುವೆಯ ಕೆಳಭಾಗದಲ್ಲಿ ಅವನದು ಭತ್ತದ ಗದ್ದೆ.

“ಕರೆಂಟ್ ತಗದ ಮ್ಯಾಲ ನೀರಾಗ ಏನ್ ಉಳಿತೈತಿ ಬೇ? ಸತ್ವ ನೀವು ಹಿಂಡಿಕೊಂಡು, ಸಪ್ಪನ ನೀರು ನಮಗ ಬಿಡ್ತೀರಿ.”

“ಅಪ್ಪಾ, ನೀರು ಮ್ಯಾಲಿಂದ ಬೀಳ್ತೈತಿ, ಚಕ್ರ ತಿರುಗಿಸಿ ಮುಂದ ಹೋಕೈತಿ. ಕಲ್ಲಿದ್ದಲು ಸುಡಂಗಿಲ್ಲ, ಹೊಗಿ ಇಲ್ಲ. ಒಂದು ಹನಿನೂ ಕಮ್ಮಿ ಆಗಂಗಿಲ್ಲ.”

ಅಂಬಪ್ಪ ಒಪ್ಪಲಿಲ್ಲ. ಆದರೆ ದಿನಾ ಮುಂಜಾನೆ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಿಟ್ಟು ಬರುವುದನ್ನು ತಪ್ಪಿಸಲಿಲ್ಲ.

ಸಿಂಧನೂರಿನಲ್ಲಿ ಡಿಪ್ಲೊಮಾ ಮುಗಿಸಿದ್ದ ಮೌನೇಶ್ವರಿಗೆ ಯಂತ್ರಗಳ ಭಯವಿರಲಿಲ್ಲ. ಭಯವಿದ್ದದ್ದು ನೀರಿನದು. ಯಂತ್ರ ನಿಂತರೂ ಕಾಲುವೆ ನಿಲ್ಲುವುದಿಲ್ಲ. ಹಿಂದಿನಿಂದ ನೀರು ಬರುತ್ತಲೇ ಇರುತ್ತದೆ. ಆಗ ಪಕ್ಕದ ಬದಿಗಾಲುವೆಯ ಗೇಟು ಮೋಟಾರಿನಿಂದ ತಾನಾಗಿ ಎದ್ದು ನೀರಿಗೆ ದಾರಿ ಬಿಡಬೇಕು. ಏಳದಿದ್ದರೆ ನೀರು ಏರಿಯ ಮೇಲೆ ಹತ್ತುತ್ತದೆ. ಎರೆಮಣ್ಣಿನ ಏರಿ ಒಮ್ಮೆ ಬಾಯಿಬಿಟ್ಟರೆ ಕೆಳಗಿನ ಗದ್ದೆಗಳು ಉಳಿಯುವುದಿಲ್ಲ. ರಾತ್ರಿ ಊಟದ ಮಧ್ಯೆಯೂ ಈ ಯೋಚನೆ ಅವಳಿಗೆ ಬರುತ್ತಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯ ಗೇಟ್‌ಮ್ಯಾನ್ ಯಂಕೋಬ, “ಇಷ್ಟು ವರ್ಷದಾಗ ಹಂಗ ಆಗಿಲ್ಲವ್ವ” ಎಂದು ಸಮಾಧಾನ ಹೇಳುತ್ತಿದ್ದ.

ಹೋದ ವರ್ಷ ಭತ್ತಕ್ಕೆ ಕಳೆ ತೆಗೆಯುವ ಹೊತ್ತಿಗೆ ಹಾಗೇ ಆಯಿತು.

ಮಧ್ಯಾಹ್ನ ಲಿಂಗಸುಗೂರಿನ ಕಡೆ ಗಾಳಿ-ಮಳೆಗೆ ದೊಡ್ಡ ಲೈನು ಕಡಿದುಬಿತ್ತು. ಪವರ್‌ಹೌಸಿನ ಯಂತ್ರ, ಮಾಡಿದ ಕರೆಂಟ್ ಕಳಿಸಲು ಲೈನಿಲ್ಲದೆ, ಒಮ್ಮೆ ಕಿರುಚಿ, ನಿಧಾನವಾಗಿ ಗುನುಗಿ, ನಿಂತಿತು. ದೀಪ, ಫ್ಯಾನು, ಫಲಕದ ಸಣ್ಣ ಬಲ್ಬುಗಳು ಎಲ್ಲ ಆರಿದವು. ಮೌನೇಶ್ವರಿ ಗೇಟಿನ ಮೋಟಾರಿಗೆ ಕಿವಿಗೊಟ್ಟಳು. ಸದ್ದಿಲ್ಲ. ಡೀಸೆಲ್ ಜನರೇಟರ್ ಹತ್ತಿರ ಓಡಿ ಕೀಲಿ ತಿರುಗಿಸಿದಳು. ಟಿಕ್ ಎಂದಿತು, ಅಷ್ಟೇ. ಬ್ಯಾಟರಿ ಸತ್ತಿತ್ತು. ಹೊಸದು ಬೇಕೆಂದು ಅವಳು ಎರಡು ಸಲ ಫೋನ್ ಮಾಡಿ ಹೇಳಿದ್ದಳು.

“ಮಾಮಾ, ಕೈಯಿಂದ ಎತ್ತಬೇಕು!”

ಯಂಕೋಬ ಆಗಲೇ ಗೇಟಿನ ಹಿಡಿಕೆಗೆ ಕೈಹಾಕಿದ್ದ. ಅಷ್ಟರಲ್ಲಿ ಮೌನೇಶ್ವರಿ ಕೆಳಗೆ ನೋಡಿದಳು. ದಿನಾ ಬತ್ತಿರುತ್ತಿದ್ದ ಬದಿಗಾಲುವೆಯ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನೀರು ಬಿಡುವ ಮುಂಚೆ ಕೂಗಬೇಕಾದ ಸೈರನ್ನಿಗೂ ಕರೆಂಟೇ ಬೇಕು.

“ತಡೀರಿ ಮಾಮಾ! ನಾ ಓಡ್ನಿ ಬೀಸಿದ ಮ್ಯಾಲ ಎತ್ರಿ!”

“ಲಗೂನ ಹೋಗವ್ವಾ, ಏರಿ ತಡಿಯಂಗಿಲ್ಲ!”

ಅವಳು ದಂಡೆಯುದ್ದಕ್ಕೂ ಕೂಗುತ್ತ ಓಡಿದಳು. ಹೆಂಗಸರು ಒದ್ದೆ ಬಟ್ಟೆ ಬಾಚಿಕೊಂಡು ಮೆಟ್ಟಿಲು ಹತ್ತಿದರು. ಒಬ್ಬಳು ಮಾತ್ರ ಕದಲಲಿಲ್ಲ. ಹುಸೇನಮ್ಮ; ಕಿವಿ ಮಂದವಾದ ಮುದುಕಿ. ಗುಂಡಿಯಲ್ಲಿ ಮಲಗಿದ್ದ ತನ್ನ ಗಬ್ಬದ ಎಮ್ಮೆಯ ಬೆನ್ನು ತಿಕ್ಕುತ್ತಿದ್ದಳು. ಮೌನೇಶ್ವರಿ ಕೆಳಗಿಳಿದು ಅವಳ ತೋಳು ಹಿಡಿದಳು.

“ಮ್ಯಾಲ ಬಾ ಆಯಿ, ನೀರು ಬರ್ತೈತಿ!”

“ಎಮ್ಮಿ ಏಳಲಿ ತಡಿ.”

ಇಬ್ಬರೂ ಸೇರಿ ಹಗ್ಗ ಜಗ್ಗಿದರು, ಹೊಡೆದರು. ಎಮ್ಮೆ ತಲೆ ಒದರಿ ಮತ್ತೆ ಕೆಸರಿಗೆ ಒರಗಿತು. ಮೇಲಿನಿಂದ ಯಂಕೋಬನ ಕೂಗು ಕೇಳಿತು: “ಮೌನವ್ವಾ, ನೀರು ಏರಿ ಹತ್ತಾಕ ಒಂದು ಗೇಣು ಉಳದೈತಿ!” ಏರಿಯ ಹೊರಮೈ ಒಂದು ಕಡೆ ಆಗಲೇ ಜಿನುಗುತ್ತಿತ್ತು. ಅದರ ಕೆಳಗೆ ಹಸಿರು ಗದ್ದೆಗಳು. ಗದ್ದೆಗಳ ಮಧ್ಯೆ ಕಳೆ ತೆಗೆಯುವವರ ಬಾಗಿದ ಬೆನ್ನುಗಳು.

ಮೌನೇಶ್ವರಿ ಮುದುಕಿಯ ಕೈಯಿಂದ ಹಗ್ಗ ಕಿತ್ತು ಬಿಸಾಡಿದಳು. ಅವಳನ್ನು ಸೊಂಟ ಹಿಡಿದು ಮೆಟ್ಟಿಲ ಮೇಲೆ ಎಳೆದಳು. ಹುಸೇನಮ್ಮ ಬೈದಳು, ಅವಳ ಮುಂಗೈ ಕಚ್ಚಿದಳು. ದಂಡೆ ಮುಟ್ಟಿದೊಡನೆ ಮೌನೇಶ್ವರಿ ಹೆಗಲ ಮೇಲಿನ ಓಡ್ನಿ ತೆಗೆದು ಬೀಸಿದಳು.

ಕೆಂಪು ನೀರು ಗೋಡೆಯಂತೆ ಬಂತು. ಎಮ್ಮೆ ಎದ್ದು ನಿಂತದ್ದು ಆಗಲೇ. ಒಂದು ಸಲ ಕೂಗಿ, ಸುಳಿಯಲ್ಲಿ ತಿರುಗಿ, ತಿರುವಿನಾಚೆ ಮರೆಯಾಯಿತು.

“ನನ್ನ ಹೊಟ್ಟಿ ಹೊಡದೆಲ್ಲೇ!” ಎಂದು ಮುದುಕಿ ಎದೆ ಬಡಿದುಕೊಂಡಳು. ಉಳಿದ ಹೆಂಗಸರೂ ಮೌನೇಶ್ವರಿಯನ್ನೇ ನೋಡುತ್ತಿದ್ದರು. ಏರಿ ನಿಂತಿತು, ಜಿನುಗು ಕಡಿಮೆಯಾಯಿತು ಎಂದು ಯಂಕೋಬ ಬಂದು ಹೇಳಿದ.

ಸುದ್ದಿ ಕೇಳಿ ಅಂಬಪ್ಪ ಬಂದ. ಹುಸೇನಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಎಮ್ಮೆ ಹುಡುಕುತ್ತ ಕಾಲುವೆ ದಾರಿ ಹಿಡಿದ. ಪವರ್‌ಹೌಸ್ ಬಿಟ್ಟು ಕದಲುವಂತಿಲ್ಲದ ಮೌನೇಶ್ವರಿ ಫೋನ್ ಹಿಡಿದು ಕೂತಳು. ಸಿಕ್ಕರೂ ಹೆಣವೇ ಸಿಗುವುದು ಎಂದುಕೊಂಡಳು. ಒಂದು ಕ್ಷಣ ತಡೆದಿದ್ದರೆ ಅದು ಎದ್ದೇಳುತ್ತಿತ್ತೇ? ತಡೆದಿದ್ದರೆ ಗದ್ದೆಯಲ್ಲಿದ್ದವರ ಗತಿ? ಎರಡೂ ಪ್ರಶ್ನೆ ಒಂದರ ಹಿಂದೊಂದು ಬಂದು ಅವಳನ್ನು ತಿಂದವು.

ಹೊತ್ತು ಮುಳುಗುವಾಗ ಅಪ್ಪನ ಫೋನ್ ಬಂತು. “ಸಿಕ್ಕೈತಿ. ಆರ್.ಎಚ್. ಕ್ಯಾಂಪಿನ ಬಂಗಾಳಿ ಮಂದಿ ಸೇತುವಿ ಹತ್ರ ಹಗ್ಗ ಹಾಕಿ ಎಳದಾರ. ಮುಂಗಾಲು ಉಳುಕ್ಯಾವು. ಜೀವ ಐತಿ.” ಆಮೇಲೆ ಕೇಳಿದ, “ನೀ ಉಂಡಿ?”

ಅವಳು ಮಧ್ಯಾಹ್ನದ ಬುತ್ತಿ ಬಿಚ್ಚಿದಳು.

ಆ ವಾರವೇ ಹೊಸ ಬ್ಯಾಟರಿ ಬಂತು. ಕೈಯಿಂದ ತಿರುಗಿಸಿ ಕೂಗಿಸುವ ಸೈರನ್ನನ್ನು ಹಟ ಹಿಡಿದು ತರಿಸಿದವಳು ಮೌನೇಶ್ವರಿ. ಕೆಲಸ ಬಿಡಬೇಕೆಂದುಕೊಂಡಿದ್ದಳು, ಬಿಡಲಿಲ್ಲ. ಎಮ್ಮೆ ಕುಂಟುತ್ತಿದ್ದರೂ ಕರು ಹಾಕಿತು. ಹುಸೇನಮ್ಮ ಮಾತ್ರ ಬಹಳ ದಿನ ಮಾತಾಡಿಸಲಿಲ್ಲ. ಒಂದು ದಿನ ಮಸ್ಕಿ ಬಸ್ಸಿನಲ್ಲಿ ಪಕ್ಕದಲ್ಲೇ ಸೀಟು ಸಿಕ್ಕಾಗ ತಾನೇ ಬಾಯಿಬಿಟ್ಟಳು.

“ಮೊದಲು ಮನ್ಯಾಗ ಕರೆಂಟ್ ಹೋದ್ರ ಲೈನ್‌ಮನ್‌ಗ ಬೈತಿದ್ದೆ. ಈಗ ಎದಿ ಧಸಕ್ ಅಂತೈತಿ. ಆ ಹುಡುಗಿ ಎಲ್ಲಿ ಓಡಾಕತ್ತೈತೋ ಅಂತೀನಿ.”

“ನಂಗೂ ಹಂಗ ಆಕೈತಿ ಆಯಿ,” ಎಂದಳು ಮೌನೇಶ್ವರಿ. ಮುದುಕಿಗೆ ಕೇಳಿಸಲಿಲ್ಲ. ಮೌನೇಶ್ವರಿ ಅವಳ ಕಿವಿಯ ಹತ್ತಿರ ಬಾಗಿ ಇನ್ನೊಮ್ಮೆ ಹೇಳಿದಳು.