ಬಾಗಿಲ ಪಿಕ್ಚರಿನ ಕೊನೆಯ ಮಾತು

ಅಂಬಿಕಾ, ವೀರೇಶ,

ಬಳ್ಳಾರಿಗೆ ಬಂದ ಮೂರನೆಯ ದಿನ, ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸು ನಿಮ್ಮ ಈ ಅಜ್ಜಿಯನ್ನು ಕೇಳಿದ ಮೊದಲ ಮಾತು ಏನು ಗೊತ್ತೇ? "ನಿಮಗ ಯಾವ ಹೀರೋ ಸೇರ್ತಾನ್ರೀ?"

ನಾನು ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದ್ದೆ. ಕೈಯಲ್ಲಿ ಹಿಂಡಿದ ಸೀರೆ ಇತ್ತು. ನಮ್ಮ ದೇಶನೂರಿನಲ್ಲಿ ಹೊಸಬರು ಕಂಡರೆ ಯಾರ ಮನೆಯವರು, ತವರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತಾರೆ. ಗಂಡ ಹೋದವಳಾದರೆ ಅಷ್ಟನ್ನೂ ಕೇಳದೆ ಒಮ್ಮೆ ಮುಖ ನೋಡಿ ಮುಂದೆ ಹೋಗುತ್ತಾರೆ. ನನಗೆ ಅರವತ್ತೆಂಟು ವರ್ಷ. ಅಷ್ಟು ವರ್ಷಗಳಲ್ಲಿ ಹೀರೋ ವಿಷಯವನ್ನು ನನ್ನ ಹತ್ತಿರ ಯಾರೂ ಎತ್ತಿರಲಿಲ್ಲ. ಸೀರೆಯನ್ನು ತಂತಿಯ ಮೇಲೆ ಹರವಿ ಅದರ ಹಿಂದೆ ನಿಂತುಬಿಟ್ಟೆ. ಆಕೆ ಸೀರೆಯ ಆಚೆಯಿಂದಲೇ ತಮ್ಮ ಹೀರೋ ಯಾರು, ಅವನು ಕುದುರೆ ಏರುವಾಗ ಮೀಸೆ ಹೇಗೆ ಕುಣಿಯುತ್ತದೆ ಎಂದೆಲ್ಲ ಹೇಳಿ, ನನ್ನ ಉತ್ತರಕ್ಕೆ ಕಾಯದೆ ಇಳಿದು ಹೋದರು. ಅವರೇ ಪದ್ಮಕ್ಕ, ನಿಮ್ಮ ವಿಜಯತ್ತೆ ಬಾಡಿಗೆಗಿರುವ ಮನೆಯ ಒಡತಿ, ನಿವೃತ್ತ ಹೆಡ್‌ಮಿಸ್ಸು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ.

ನನ್ನ ಮಗಳು ವಿಜಯ ಕಂಟೋನ್ಮೆಂಟ್ ಕಡೆಯ ಆಸ್ಪತ್ರೆಯಲ್ಲಿ ನರ್ಸು. ಅವಳ ಕೂಸನ್ನು ನೋಡಿಕೊಳ್ಳಲು ಮೂರು ತಿಂಗಳಿಗೆಂದು ಬಂದವಳು ನಾನು. ಈಗ ಎರಡು ವರ್ಷ ದಾಟಿತು. ಮೊದಲ ತಿಂಗಳು ಈ ಸತ್ಯನಾರಾಯಣಪೇಟೆ ನನಗೆ ಬರೀ ಬಾಗಿಲುಗಳಾಗಿ ಕಂಡಿತು. ಊರಿನಲ್ಲಿ ನಮ್ಮ ತಲೆಬಾಗಿಲು ಮುಂಜಾನೆ ತೆರೆದರೆ ಮಲಗುವವರೆಗೆ ಮುಚ್ಚುವುದಿಲ್ಲ; ಕೋಳಿ, ಕರು, ನೆಂಟರು ಎಲ್ಲರೂ ಅದರಲ್ಲೇ ಬರುತ್ತಾರೆ. ಇಲ್ಲಿ ಕೂಸನ್ನು ಎತ್ತಿಕೊಂಡು ಓಣಿಯ ತುದಿಯವರೆಗೆ ನಡೆದರೆ ಎಲ್ಲ ಮನೆಗಳ ಬಾಗಿಲೂ ಮುಚ್ಚಿರುತ್ತಿದ್ದವು. ಗಂಟೆ ಒತ್ತಬೇಕು. ಯಾಕೆ ಬಂದೆ ಎಂದು ಕೇಳಿದರೆ ಏನು ಹೇಳಲಿ? ಸುಮ್ಮನೆ ಬಂದೆ ಎನ್ನುವುದು ಊರಿನಲ್ಲಿ ಸಾಕಾಗುವ ಕಾರಣ, ಇಲ್ಲಿ ಅದು ಕಾರಣವೇ ಅಲ್ಲ. ಕಾಲುವೆ ನೀರಿನ ಸದ್ದು ಕೇಳಿ ಬೆಳೆದ ಕಿವಿಗೆ, ನಲ್ಲಿ ನೀರು ಬಿಡುವ ದಿನದ ಕೊಡಗಳ ಸದ್ದೊಂದೇ ಸಮಾಧಾನ. ಆ ದಿನ ಮಾತ್ರ ಎಲ್ಲ ಬಾಗಿಲೂ ತೆರೆಯುತ್ತಿದ್ದವು.

ಹಾಗೆ ನೀರು ಹಿಡಿಯುವಾಗಲೇ ಪದ್ಮಕ್ಕ ನನ್ನನ್ನು ತಮ್ಮ ಮನೆಯ ಟಿ.ವಿ.ಯ ಭಾನುವಾರದ ಮ್ಯಾಟ್ನಿಗೆ ಕರೆದದ್ದು. ಮ್ಯಾಟ್ನಿ ಎಂದರೆ ಮಧ್ಯಾಹ್ನದ ಆಟ. ನನಗೆ ಅದೂ ಹೊಸದೇ. ನಮ್ಮ ಕಾಲದ ಡೇರೆ ಟಾಕೀಸಿನಲ್ಲಿ ಹಗಲು ಆಟವೇ ಇರುತ್ತಿರಲಿಲ್ಲ, ಡೇರೆಯ ತೂತುಗಳಿಂದ ಬಿಸಿಲು ಬಂದು ಪರದೆಯ ಮೇಲೆ ಬಿದ್ದರೆ ಚಿತ್ರ ಕಾಣುವುದು ಹೇಗೆ? ಟಿ.ವಿ. ಬಂದ ಮೇಲೂ ಗಂಡಸರು, ಮಕ್ಕಳು ಚಾಪೆಯ ಮೇಲೆ; ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಅರ್ಧ ಸಿನಿಮಾ, ಅರ್ಧ ಒಲೆ. ಪದ್ಮಕ್ಕನ ಪಡಸಾಲೆಯಲ್ಲಿ ನನಗಾಗಿ ಒಂದು ಕುರ್ಚಿ ಹಾಕಿದ್ದರು. ಅದರ ತುದಿಯಲ್ಲಿ ಕೂತು ಇಡೀ ಸಿನಿಮಾ ನೋಡಿದೆ. ನಡುವೆ ಏಳದೆ ಒಂದು ಕಥೆಯನ್ನು ಪೂರ್ತಿ ನೋಡಿದ್ದು ಎಷ್ಟು ವರ್ಷದ ಮೇಲೋ.

ಆದರೆ ಅಲ್ಲಿ ನೋಡಿದರೆ ಮುಗಿಯಲಿಲ್ಲ. ಕೊನೆಗೆ ಎಲ್ಲರೂ ಅಭಿಪ್ರಾಯ ಹೇಳಬೇಕು, ಪದ್ಮಕ್ಕ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸು ಕೊಡುತ್ತಾರೆ, ಸಿನಿಮಾಕ್ಕಲ್ಲ, ನಮ್ಮ ಅಭಿಪ್ರಾಯಕ್ಕೆ. ಎದುರುಮನೆಯ ಜೈನಾಬಿ ಬ್ಲೌಸು ಹೊಲಿಯುವವಳು. ಅವಳಿಗೆ ಕಥೆ ಬೇಕಿಲ್ಲ. "ಆ ಕೋಟಿನ ಭುಜ ನೋಡ್ರಿ ಅಕ್ಕಾ, ಹೊಲಿದಾಂವ ಉಸ್ತಾದ್ ಅದಾನ," ಎಂದು ಹೀರೋನನ್ನು ಬಿಟ್ಟು ಅವನ ದರ್ಜಿಯನ್ನು ಹೊಗಳುತ್ತಿದ್ದಳು. ಹಳೆಯ ನಟಿಯರಲ್ಲಿ ಯಾರ ತೋಳು ಬಿಗಿ, ಯಾರ ನೆರಿಗೆ ಸಡಿಲ, ಎಲ್ಲ ಅವಳಿಗೆ ಬಾಯಿಪಾಠ. ಅದಕ್ಕೆ ಏಳೆಂಟು ಮಾರ್ಕ್ಸು ಬರುತ್ತಿದ್ದವು. ನನ್ನ ಸರದಿ ಬಂದರೆ ನಾನು, "ಚಲೋ ಐತ್ರಿ," ಎನ್ನುತ್ತಿದ್ದೆ. ಸಾರಿಗೂ ಅದೇ, ಸೊಸೆಗೂ ಅದೇ, ಸಿನಿಮಾಕ್ಕೂ ಅದೇ ಮಾತು ನಮ್ಮದು.

"ಚಲೋ ಐತಿ ಅಂಬೋದು ಅಭಿಪ್ರಾಯ ಅಲ್ರೀ ಗೌರಮ್ಮ," ಎಂದರು ಪದ್ಮಕ್ಕ. "ಯಾಕ ಚಲೋ ಐತಿ? ಅದನ್ನ ಹೇಳ್ರಿ. ಸೊನ್ನಿ ಮಾರ್ಕ್ಸು."

ಏಳನೆಯ ಇಯತ್ತೆ ಬಿಟ್ಟ ಮೇಲೆ ನನಗೆ ಸೊನ್ನೆ ಸಿಕ್ಕಿದ್ದು ಆಗಲೇ. ಆರು ಭಾನುವಾರ ಸೊನ್ನೆಯನ್ನೇ ತಂದೆ. ವಿಜಯ ನಗುತ್ತಿದ್ದಳು. ನನಗೆ ಮಾತ್ರ ಒಳಗೆ ಒಂದು ಹಟ ಹುಟ್ಟಿತು. ಮಾತು ಇರಲಿಲ್ಲವೆಂದಲ್ಲ, ಅದು ಬಾಯಿಯವರೆಗೆ ಬರುತ್ತಿರಲಿಲ್ಲ.

ಏಳನೆಯ ಭಾನುವಾರ ಪದ್ಮಕ್ಕ, ನಿಮಗೆ ತೀರಾ ಇಷ್ಟವಾದ ಹಳೆಯ ಸಿನಿಮಾ ಯಾವುದು, ಅದರ ಕಥೆ ಹೇಳಿ ಎಂದರು. ನನ್ನದು ಬಾಗಿಲ ಪಿಕ್ಚರು. ಅದರ ನಿಜವಾದ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ದೇಶನೂರಿನ ಹೆಂಗಸರು ಇಟ್ಟ ಹೆಸರು ಅದು. ಕುರುಗೋಡಿನಿಂದ ಮದುವೆಯಾಗಿ ಬಂದ ವರ್ಷ, ಸಿರುಗುಪ್ಪದ ಡೇರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಕಟ್ಟಿದ ಗೋಣಿತಟ್ಟಿನ ಈಚೆ, ನನ್ನ ಅತ್ತೆಯ ಪಕ್ಕ ಕೂತು ಅದನ್ನು ನೋಡಿದ್ದೆ. ನಾನು ಕಥೆ ಹೇಳತೊಡಗಿದೆ. ಗಂಡ ಇನ್ನೊಬ್ಬಳ ಹಿಂದೆ ಹೋಗುತ್ತಾನೆ. ಹೆಂಡತಿ ಭತ್ತ ಕುಟ್ಟಿ ಮಕ್ಕಳನ್ನು ಸಾಕುತ್ತಾಳೆ. ಹನ್ನೆರಡು ವರ್ಷದ ಮೇಲೆ ಅವನು ನರೆತ ಗಡ್ಡದಲ್ಲಿ ಬಂದು ಬಾಗಿಲಲ್ಲಿ ನಿಂತು, ನೀನು ನನ್ನ ಹೆಂಡತಿ ಅಲ್ಲವೇ ಎನ್ನುತ್ತಾನೆ. ಆಕೆ ಒಂದೇ ಮಾತು ಹೇಳುತ್ತಾಳೆ.

"ಕಾದು ಅಂತಾಳ್ರಿ," ಎಂದೆ. "ಅಷ್ಟ. ಹನ್ನೆರಡು ವರ್ಷ ಕಾದೀನಿ ಅಂತ ಒಂದ ಮಾತಿನ್ಯಾಗ. ಡೇರೆ ತುಂಬ ಹೆಂಗಸ್ರು ಅತ್ತರು."

ನನ್ನ ಕಣ್ಣೂ ತುಂಬಿತ್ತು. ತಲೆ ಎತ್ತಿ ನೋಡಿದರೆ ಪದ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾರೆ.

"ಅಯ್ಯೋ ಗೌರಮ್ಮ, ಅದು ತೆಲುಗು ಸಿನಿಮಾರೀ. ತೆಲುಗಿನಾಗ ಕಾದು ಅಂದ್ರ ಅಲ್ಲ ಅಂತ. ನಿನ್ನ ಹೆಂಡ್ತಿ ಅಲ್ಲ ಅಂತಾಳ ಆಕಿ. ಐವತ್ತು ವರ್ಷ ಉಲ್ಟಾ ತಿಳ್ಕೊಂಡೀರಲ್ಲ."

ಜೈನಾಬಿಯೂ ನಕ್ಕಳು. ಅವರ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದು ಈಗ ಗೊತ್ತು. ಅಂದು ಮಾತ್ರ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನಾಟಿಗೆ ಬರುವ ಕೂಲಿಯವರಿಂದ ನಾನೂ ಆಮೇಲೆ ಒಂದಿಷ್ಟು ತೆಲುಗು ಕಲಿತವಳೇ. ಕಾದು ಎಂದರೆ ಅಲ್ಲ ಎಂದು ಗದ್ದೆಯ ಬದುವಿನ ಮೇಲೆ ನನಗೆ ಚೆನ್ನಾಗಿ ಗೊತ್ತು. ಆದರೆ ಆ ಸಿನಿಮಾ ನನ್ನ ತಲೆಯಲ್ಲಿ ಪೂರ್ತಿ ಕನ್ನಡವಾಗಿ ಕೂತಿತ್ತು. ಯಾಕೆಂದರೆ ಡೇರೆಯಲ್ಲಿ ಪ್ರತಿ ಮಾತನ್ನೂ ನನಗೆ ಕನ್ನಡದಲ್ಲಿ ತಿರುಗಿಸಿ ಹೇಳಿದವರು ನಮ್ಮ ಅತ್ತೆ, ನಿಮ್ಮ ಮುತ್ತಜ್ಜಿ. ಹೆಂಗಸರ ಕಡೆಗೆ ತೆಲುಗು ಅರ್ಥ ಹೇಳುವ ಅಧಿಕಾರ ಅವರದು. "ಕಾದೀನಿ ಅಂತಾಳವ್ವ. ಹೆಂಗಸು ಅಂದ್ರ ಹಿಂಗಿರಬೇಕು," ಎಂದು ಅವರು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಎರಡು ಭಾನುವಾರ ನಾನು ಮ್ಯಾಟ್ನಿಗೆ ಹೋಗಲಿಲ್ಲ. ಕೂಸಿಗೆ ಮೈ ಬೆಚ್ಚಗಿದೆ ಎಂದು ಸುಳ್ಳು ಹೇಳಿದೆ. ಬಾಯಿ ತೆರೆದು ಆಡಿದ ಮೊದಲ ಅಭಿಪ್ರಾಯವೇ ನಗೆಪಾಟಲಾದ ಮೇಲೆ ಈ ಊರಿನಲ್ಲಿ ನನಗೇನು ಕೆಲಸ? ಕೂಸೂ ಬಾಲವಾಡಿಗೆ ಹೋಗತೊಡಗಿತ್ತು. ನಿಮ್ಮಪ್ಪನಿಗೆ ಫೋನು ಮಾಡಿ, ಬರುವ ಭಾನುವಾರ ಬಂದು ನನ್ನನ್ನು ಊರಿಗೆ ಕರೆದುಕೊಂಡು ಹೋಗು ಎಂದೆ. ಅವನು ಕಾರಣ ಕೇಳಲಿಲ್ಲ, ಖುಷಿಯಿಂದ ಹ್ಞೂಂ ಎಂದ. ವಿಜಯ ಮಾತ್ರ ನನ್ನ ಚೀಲವನ್ನು ಬಾಗಿಲ ಹತ್ತಿರದಿಂದ ತೆಗೆದು ಮೂಲೆಗೆ ಇಟ್ಟಳು.

ಭಾನುವಾರ ಊಟದ ಹೊತ್ತಿಗೆ ಜೈನಾಬಿ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಪದ್ಮಕ್ಕ ಫೋನಿನಲ್ಲಿ ಆ ಸಿನಿಮಾವನ್ನು ಹುಡುಕಿ ಇಟ್ಟಿದ್ದಾರಂತೆ, ಈವತ್ತು ಅದನ್ನೇ ಹಾಕುತ್ತಾರಂತೆ.

"ಊರಿಗೆ ಹೋಗಾಕಿ ಹೋಗು ಅಕ್ಕಾ, ಬ್ಯಾಡ ಅನ್ನಂಗಿಲ್ಲ. ನಿನ್ನ ಪಿಕ್ಚರ್ ನೋಡಿ ಹೋಗು. ನಿನ್ನ ಕುರ್ಚಿ ಮ್ಯಾಲ ಯಾರೂ ಕುಂತಿಲ್ಲ."

ಆ ಕುರ್ಚಿಯ ಮಾತಿಗೆ ಎದ್ದೆ.

ಐವತ್ತು ವರ್ಷದ ಮೇಲೆ ಅದನ್ನು ನೋಡಿದೆ. ಮುಖಗಳೆಲ್ಲ ಹಾಗೇ ಇದ್ದವು, ಮಾತು ಮಾತ್ರ ಬೇರೆ. ಕೊನೆಗೆ ಅವನು ಬಂದ, ಕೇಳಿದ, ಆಕೆ "ಕಾದು" ಎಂದಳು. ಬಾಗಿಲು ತಳ್ಳಿ ಮುಚ್ಚಿದಳು. ಶುಭಂ. ನನ್ನ ಮನಸ್ಸು ನೋಯಬಾರದೆಂದು ಪದ್ಮಕ್ಕ ಮಿರ್ಚಿ ತರುವ ನೆಪದಲ್ಲಿ ಎದ್ದರು. ಅಷ್ಟರಲ್ಲಿ ನಿಮ್ಮಪ್ಪನೂ ಬಂದು ಚಪ್ಪಲಿ ಬಿಟ್ಟು ಬಾಗಿಲ ಪಕ್ಕ ನಿಂತಿದ್ದ.

"ಇನ್ನೊಮ್ಮೆ ಹಾಕ್ರಿ," ಎಂದೆ. "ಕೊನಿದಷ್ಟ. ಸದ್ದು ಕಡಿಮಿ ಮಾಡ್ರಿ."

ಸದ್ದಿಲ್ಲದೆ ಹಾಕಿದರು. ಅಲ್ಲಿ ನಿಲ್ಲಿಸಿ ಎಂದು ಎದ್ದು ಟಿ.ವಿ. ಹತ್ತಿರ ಹೋದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಆಕಿ ಕೈ ನೋಡ್ರಿ. ಬಾಗ್ಲಾ ಹಾಕಿದಳು, ಅಗಳಿ ಹಾಕಿಲ್ಲ. ಅಗಳಿ ಮ್ಯಾಲ ಕೈ ಇಟ್ಟಾಳ, ಸರಿಸವಲ್ಲಳು. ಸಂದಿಯಿಂದ ದೀಪದ ಬೆಳಕು ಅವನ ಕಾಲಿಗೆ ಬಿದ್ದೈತಿ. ಬಾಯಿ ಅಲ್ಲ ಅಂತೈತಿ. ಕೈ ಹನ್ನೆರಡು ವರ್ಷ ಕಾದೈತಿ. ಈ ನಟಿ ಎರಡೂ ಮಾಡ್ಯಾಳ. ಅದಕ್ಕ ನಾವು ಅತ್ತೀವಿ. ಮಾತು ತಿಳಿದವರು ಮಾತು ಕೇಳಿದ್ರಿ. ನಮಗ ಮಾತು ಬರತಿದ್ದಿಲ್ಲ, ನಾವು ಆಕಿನ್ನ ನೋಡಿದಿವಿ."

ಇಷ್ಟು ಉದ್ದ ಮಾತನ್ನು ನಾಲ್ಕು ಜನರ ನಡುವೆ ನಾನು ಎಂದೂ ಆಡಿರಲಿಲ್ಲ. ಆಡಿ ಮುಗಿಸಿ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.

ಪದ್ಮಕ್ಕ ಕನ್ನಡಕ ಹಾಕಿಕೊಂಡು ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಬಂದರು. ಮತ್ತೆ ಹಾಕಿಸಿ ನೋಡಿದರು. ಮತ್ತೊಮ್ಮೆ. ಈ ಸಿನಿಮಾವನ್ನು ಅವರು ಚಿಕ್ಕಂದಿನಿಂದ ಎಂಟು ಹತ್ತು ಸಲ ನೋಡಿದ್ದರಂತೆ. "ಅಗಳಿ ಹಾಕಿಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಇಷ್ಟು ವರ್ಷ ಆಕಿ ಅಗಳಿ ಹಾಕಿದ್ಲು ಅಂತ ತಿಳಿದಿದ್ದೆನಲ್ಲ." ಆಮೇಲೆ ನನ್ನ ಕಡೆ ತಿರುಗಿ, ಹತ್ತಕ್ಕೆ ಹನ್ನೊಂದು ಎಂದರು. ಮೂವತ್ತು ವರ್ಷದ ಮೇಷ್ಟ್ರಿಕೆಯಲ್ಲಿ ಯಾರಿಗೂ ಹಾಗೆ ಕೊಟ್ಟಿರಲಿಲ್ಲವಂತೆ. ಜೈನಾಬಿ ಆ ನಟಿಯ ರವಿಕೆಯ ತೋಳಿನಲ್ಲಿ ಹರಿದು ತೇಪೆ ಹಾಕಿದ್ದನ್ನೂ ಆಗಲೇ ತೋರಿಸಿದಳು. ಅವಳಿಗೆ ಒಂಬತ್ತು.

ಮಂಡಕ್ಕಿ ಒಗ್ಗರಣೆ ತಿನ್ನುತ್ತ ಎಲ್ಲರಿಗೂ ನಮ್ಮ ಅತ್ತೆಯ ವಿಷಯ ಹೇಳಿದೆ. ಆಕೆ ಬಳೆಗಾರನ ಹತ್ತಿರ ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದವರು. ಕಾದು ಎಂದರೆ ಏನೆಂದು ಅವರಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ಆದರೆ ಎದುರಿಗೆ ನಾಲ್ಕು ಜನ ಎಳೆಯ ಸೊಸೆಯಂದಿರು ಬಾಯಿ ತೆರೆದು ಕೂತಿದ್ದೆವು. ಗಂಡನಿಗೆ ಅಲ್ಲ ಎನ್ನಬಹುದು ಎಂಬ ಸುದ್ದಿಯನ್ನು ನಮಗೆ ಹೇಳುವುದು ಬೇಡ ಎಂದು ಅವರು ಅಲ್ಲೇ, ಆ ಕತ್ತಲಲ್ಲೇ, ತೀರ್ಮಾನಿಸಿರಬೇಕು. ಪದ್ಮಕ್ಕ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡರು. ಈ ಸಲ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮನೆಗೆ ಬಂದ ಮೇಲೆ ನಿಮ್ಮಪ್ಪ ನನ್ನ ಚೀಲ ಎತ್ತಿಕೊಂಡ. "ಊರಿಗೆ ಬರಾಕಿ ಹೌದಲ್ಲ, ಅವ್ವಾ?"

"ಕಾದು," ಎಂದೆ.

ಅವನು ಚೀಲ ಹಿಡಿದೇ ನಿಂತ. ಆಮೇಲೆ ಅವನ ಮುಖ ಅರಳಿತು. "ತೆಲುಗಿನಾಗ ಹೇಳಿದ್ಯೋ, ಕನ್ನಡದಾಗ ಹೇಳಿದ್ಯೋ?"

 ಚೀಲವನ್ನು ಅವನ ಕೈಯಿಂದ ತೆಗೆದು ಒಳಗೆ ಇಟ್ಟೆ. ಅದರಲ್ಲಿದ್ದ ನನ್ನ ಎರಡು ಸೀರೆಗಳನ್ನು ಊರಲ್ಲೇ ಇರಲೆಂದು, ನಿಮಗೆಂದು ಕೊಂಡ ಅಂಗಿಗಳ ಜೊತೆ ಅವನ ಕೈಯಲ್ಲಿ ಕಳಿಸಿದೆ. ಈಗ ಮುಂದಿನ ಸಿನಿಮಾ ಯಾವುದೆಂದು ತಿಂಗಳಿಗೊಮ್ಮೆ ನಾನೇ ಆರಿಸುತ್ತೇನೆ. ಓಣಿಯಲ್ಲಿ ಮೂರು ಮನೆಯ ಗಂಟೆಯನ್ನು ಕಾರಣವಿಲ್ಲದೆ ಒತ್ತುತ್ತೇನೆ; ಅಭಿಪ್ರಾಯ ಹೇಳಲು ಬಂದೆ ಎಂದರೆ ಸಾಕು, ತೆರೆಯುತ್ತಾರೆ. ಆದರೂ ಇಲ್ಲಿ ಹೊಸಬರು ನೀವು ಯಾವೂರವರು ಎಂದು ಕೇಳಿದಾಗ ದೇಶನೂರು ಎಂದೇ ಬಾಯಿಗೆ ಬರುತ್ತದೆ. ನಾಟಿಯ ಹೊತ್ತಿಗೆ ಅಲ್ಲಿಗೆ ಬಂದು ನಾಲ್ಕು ದಿನ ಇದ್ದರೆ, ಭಾನುವಾರ ಮಧ್ಯಾಹ್ನ ಮೂರಕ್ಕೆ ನನ್ನ ಕಾಲು ತಾನಾಗಿ ಸೆಳೆಯುತ್ತದೆ, ಎತ್ತ ಎಂದು ನಿಮಗೆ ಗೊತ್ತಲ್ಲ.

ಕಳೆದ ವಾರ ಅಂಬಿಕಾ ಫೋನಿನಲ್ಲಿ, ಅಜ್ಜಿ, ನೀನು ಈಗ ಬಳ್ಳಾರಿಯವಳೇನು ಎಂದು ಕೇಳಿದಳಲ್ಲ, ಅದಕ್ಕೇ ಇಷ್ಟೆಲ್ಲ ಬರೆದೆ. ಉತ್ತರ ಮೇಲಿದೆ, ಒಂದೇ ಮಾತು. ನಿನಗೆ ಬೇಕಾದ ಭಾಷೆಯಲ್ಲಿ ಓದಿಕೋ.

ಈ ಹಾಳೆಗಳನ್ನು ಡಬ್ಬಿಗಳ ಕೆಳಗೆ ಹಾಸಲು ನಿಮ್ಮವ್ವನಿಗೆ ಕೊಡಬೇಡಿ. ಪಡಸಾಲೆಯ ಗೂಡಿನಲ್ಲಿ ನಿಮ್ಮ ಮುತ್ತಜ್ಜಿಯ ಫೋಟೋ ಇದೆಯಲ್ಲ, ಅದರ ಹಿಂದೆ ಜೋಪಾನವಾಗಿ ಇಡಿ. ಆಕೆಯ ಬೆನ್ನಿಗೆ ಒತ್ತಿಕೊಂಡೇ ಇರಲಿ.